ನಡೆದು ಬಂದವರ ತಿಂಡಿ

ಹಿನಕಲ್, ಮೈಸೂರು
೧೮ ನವೆಂಬರ್ ೨೦೨೪

ಅತ್ತಿಗೆಗೆ ಜೈಭೀಮ್.

ಫೋನ್ ಬಿಟ್ಟು ಕಾಗದ ಯಾಕೆ ಬಂತು ಅಂತ ಗಾಬರಿಯಾಗಬೇಡಿ. ನಿಮ್ಮ ಮನೆಗೊಂದೇ ಫೋನು, ಅದು ಬಡಕೊಂಡ ಕೂಡಲೇ ಅವ್ವ ಸ್ಪೀಕರಿಗೆ ಹಾಕಿಸುತ್ತಾಳೆ. ನಾನು ಇಲ್ಲಿ ಹಲೋ ಅಂದರೆ ಅಲ್ಲಿ ಇಡೀ ಬೀದಿ ಹಲೋ ಅನ್ನುತ್ತೆ. ಈ ವಿಷಯ ಸದ್ಯಕ್ಕೆ ನಿಮ್ಮ ಕಿವಿಗೆ ಮಾತ್ರ.

ಗೋಕುಲಂನ ನಮ್ಮ ಆಫೀಸಿನವರು ಜನವರಿಯಲ್ಲಿ ನಡಿಗೆ ಹಬ್ಬ ಅಂತ ಮಾಡುತ್ತಿದ್ದಾರೆ. ಸಿಟಿಯ ಜನ, ಯೋಗ ಕಲಿಯೋಕೆ ಬಂದ ವಿದೇಶದವರು ಎಲ್ಲ ಸೇರಿ ಬೆಳಗ್ಗೆ ರಿಂಗ್ ರೋಡಿನಿಂದ ಹೊರಟು ಹಳ್ಳಿಗಳ ಕಡೆ ನಡೆಯುತ್ತಾರೆ. ದಾರಿಯಲ್ಲಿ ಸಿಕ್ಕ ಊರಿನಲ್ಲೇ ತಿನ್ನಬೇಕು, ಅಲ್ಲೇ ಏನಾದರೂ ಕೊಳ್ಳಬೇಕು. ಹಳ್ಳಿಯವರಿಗೆ ಒಂದಿಷ್ಟು ವ್ಯಾಪಾರ ಆಗಲಿ ಅನ್ನೋದೇ ಹಬ್ಬದ ಉದ್ದೇಶ. ಒಂದು ದಾರಿ ನಮ್ಮ ಚಿಕ್ಕಕೊಪ್ಪಲಿನ ಮೇಲೆ ಹೋಗುವ ಹಾಗೆ ನಾನೇ ಹಟ ಹಿಡಿದು ಮಾಡಿಸಿದ್ದೇನೆ.

ತಿಂಡಿಗೆ ಎಲ್ಲಿ ನಿಲ್ಲಿಸೋದು ಅಂತ ಮಾತು ಬಂತು. ನಮ್ಮ ಮುಖ್ಯಸ್ಥರು ವಸಿಷ್ಠ ಸರ್ ಮ್ಯಾಪ್ ನೋಡಿ ಸರ್ಕಲ್ಲಿನ ಬಸವರಾಜು ಹೋಟೆಲ್ ಅಂದರು. ನಾನು ನಮ್ಮ ಮನೆ ಅಂದೆ. ಕೊನೆಗೆ ಎರಡೂ ಇರಲಿ ಅಂತಾಯಿತು. ನಡೆಯುವವರಿಗೆ ಒಂದೊಂದು ಹಳದಿ ಕೂಪನ್ ಕೊಡುತ್ತೇವೆ. ಅವರು ಇಷ್ಟ ಬಂದಲ್ಲಿ ತಿಂದು ಅಲ್ಲಿ ಕೂಪನ್ ಕೊಡಬೇಕು, ಕೂಪನ್ನಿಗೆ ನಮ್ಮ ಆಫೀಸು ದುಡ್ಡು ಕೊಡುತ್ತೆ. ಮುಖ್ಯವಾದದ್ದು ಈಗ ಕೇಳಿ. ಯಾರ ಚೀಲದಲ್ಲಿ ಹೆಚ್ಚು ಕೂಪನ್ ಬರುತ್ತೋ ಅವರಿಗೇ ವರ್ಷಪೂರ್ತಿ ಭಾನುವಾರದ ನಡಿಗೆಯ ತಿಂಡಿ. ಒಂದು ಸಲ ಹೆಸರು ಬಿದ್ದರೆ ಉಳಿದ ದಿನ ಸೈಕಲ್ಲಿನವರು, ಕಾರಿನವರು ತಾವಾಗೇ ಹುಡುಕಿಕೊಂಡು ಬರುತ್ತಾರೆ.

ಗಾರ್ಮೆಂಟ್ಸ್ ಬಸ್ಸು ಹತ್ತಿ ಹತ್ತಿ ಸಾಕಾಗಿದೆ, ಮನೆ ಮುಂದೆ ಒಂದು ಹೋಟೆಲ್ ಇಟ್ಟುಕೊಂಡರೆ ಆರಾಮಾಗಿರಬಹುದಿತ್ತು ಅಂತ ಹೋದ ಸಲ ಅಂದಿದ್ದಿರಲ್ಲ. ಇಟ್ಟುಕೊಳ್ಳಿ. ನಿಮ್ಮ ಅಕ್ಕಿರೊಟ್ಟಿಯ ಮುಂದೆ ಬಸವರಾಜು ಅವರ ಇಡ್ಲಿ ನಿಲ್ಲೋದಿಲ್ಲ.

ನಿಮ್ಮ
ಸಂಘಮಿತ್ರ


ಚಿಕ್ಕಕೊಪ್ಪಲು
೨೪ ನವೆಂಬರ್ ೨೦೨೪

ಮಿತ್ರಾ, ಜೈಭೀಮ್.

ನಿನ್ನ ಕಾಗದ ನೋಡಿ ಪೋಸ್ಟಿನವನಿಗೇ ಆಶ್ಚರ್ಯ. ಬ್ಯಾಂಕಿನದಲ್ಲ, ಕೋರ್ಟಿನದಲ್ಲ, ಮತ್ತಿನ್ನೇನು ಅಂತ ಬಾಗಿಲಲ್ಲೇ ನಿಂತಿದ್ದ. ನಾದಿನಿ ಬರೆದಿದ್ದಾಳೆ ಅಂದೆ. ಹಾಗಾದರೆ ಜಗಳವೇ ಇರಬೇಕು ಅಂತ ಹೋದ.

ನಿನ್ನ ಹಬ್ಬದ ಸುದ್ದಿ ಓದಿ ಖುಷಿಯಾಯಿತು, ಸಂಕಟವೂ ಆಯಿತು. ಸಂಕಟ ಏನಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮಣ್ಣ ಅಂತೂ ನೇರವಾಗಿ ಹೇಳಿಬಿಟ್ಟ: "ರೋಡಿನ ಹೊಂಗೆಮರದ ತನಕ ಬರ್ತಾರೆ ಕಣೆ. ಅಲ್ಲಿ ಬಾಬಾಸಾಹೇಬರ ನೀಲಿ ಬೋರ್ಡು ನೋಡ್ತಾರೆ, ಸರ್ಕಲ್ ಕಡೆ ತಿರುಕೊಂಡು ಹೋಯ್ತಾರೆ." ಒಳ್ಳೆ ಮಾತು ಆಡೋಕೆ ಬರಲ್ವಾ ನಿನಗೆ ಅಂತ ಬೈದೆ. ಬೈದರೂ ಆ ಮಾತು ತಲೆಯಲ್ಲೇ ಕೂತಿದೆ.

ಅತ್ತೆಯಿಂದ ಮುಚ್ಚಿಡೋಕೆ ಆಗಲಿಲ್ಲ. ಒಲೆಗೆ ಇಟ್ಟಿಗೆ ತರಿಸಿದಾಗ ಕೇಳಿದರು, ಹೇಳಿದೆ. "ನಡ್ಕಂಡು ಬತ್ತಾರಾ? ಎಲ್ಲಿಗೆ?" ಅಂದರು. ಎಲ್ಲಿಗೂ ಇಲ್ಲ, ಸುಮ್ಮನೆ ನಡೀತಾರೆ ಅಂದೆ. ನನ್ನನ್ನು ಪೆದ್ದಿಯ ಥರ ನೋಡಿದರು. "ಸುಮ್ಸುಮ್ಕೆ ಯಾರಾದ್ರೂ ನಡೆದಾರಾ? ಕಾಸಿಲ್ದೋರು ನಡೀತಾರೆ, ಇಲ್ಲ ಅರಕೆ ಒತ್ತೋರು ನಡೀತಾರೆ. ಇವ್ರತ್ರ ಕಾಸದೆ ಅಂತೀಯ. ಅಂಗಾರೆ ಅರಕೆನೇ ಬುಡು." ನಾನು ಎರಡು ಸಲ ತಿದ್ದಿದೆ, ಮೂರನೇ ಸಲ ಬಿಟ್ಟೆ. ಅವತ್ತಿನಿಂದ ಅವರ ಬಾಯಲ್ಲಿ ಹಬ್ಬ ಹೋಗಿ ಪರ್ಸೆ ಆಗಿದೆ. ದಿನಾ ಅಂಗಳ ಸಾರಿಸುತ್ತಾರೆ. ಇಷ್ಟು ಹುರುಪಾಗಿ ನಾನು ಅವರನ್ನು ನೋಡೇ ಇರಲಿಲ್ಲ, ಅದಕ್ಕೆ ಪರ್ಸೆ ಅಂದುಕೊಂಡೇ ಇರಲಿ ಅಂತ ಸುಮ್ಮನಾದೆ.

ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳು ಸಾರು. ಸಾಕಲ್ವಾ? ಬೇಗ ತಿಳಿಸು.

ಮಂಜುಶ್ರೀ


ಹಿನಕಲ್
೩ ಜನವರಿ ೨೦೨೫

ಅತ್ತಿಗೆಗೆ ಜೈಭೀಮ್.

ಬರೆಯೋದು ತಡವಾಯಿತು, ಕೆಲಸ ಮೈಮೇಲೆ ಬಿದ್ದಿದೆ. ಹನ್ನೆರಡನೇ ತಾರೀಕು ಭಾನುವಾರ ನಿಮ್ಮ ದಾರಿ. ನಾನು ಬರೋಕಾಗಲ್ಲ, ಶ್ರೀರಂಗಪಟ್ಟಣದ ಕಡೆಯ ಗುಂಪಿನ ಜೊತೆ ನನ್ನನ್ನು ಹಾಕಿದ್ದಾರೆ.

ಖಾರ ಅರ್ಧಕ್ಕೆ ಇಳಿಸಿ. ವಿದೇಶದವರು ಚೆನ್ನಾಗಿದೆ ಅನ್ನುತ್ತಲೇ ಅಳುತ್ತಾರೆ, ನೋಡೋಕಾಗಲ್ಲ. ಪ್ಲಾಸ್ಟಿಕ್ ಲೋಟ ಬೇಡ. ಕೂಪನ್ ಹಾಕುವ ಬಟ್ಟೆ ಚೀಲವನ್ನು ನಮ್ಮ ವಾಲಂಟಿಯರ್ ಬೆಳಗ್ಗೆ ತಂದುಕೊಡುತ್ತಾಳೆ, ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗುತ್ತಾಳೆ. ಅವ್ವನನ್ನು ಮಾತಿಗೆ ಬಿಡಬೇಡಿ. ಯಾರಾದರೂ ಫೋಟೋ ತೆಗೆದರೆ ನನ್ನ ಮದುವೆ ವಿಷಯ ಎತ್ತುತ್ತಾಳೆ.

ಬೋರ್ಡಿನ ವಿಷಯ ಬರೆದಿದ್ದಿರಿ. ಅದೆಲ್ಲ ಈಗ ಏನಿಲ್ಲ ಬಿಡಿ, ಕಾಲ ಬದಲಾಗಿದೆ. ನಮ್ಮ ಮನೆ ಯಾವ ಬೀದಿ ಅಂತ ಆಫೀಸಿನಲ್ಲಿ ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.

ಸಂಘಮಿತ್ರ


ಚಿಕ್ಕಕೊಪ್ಪಲು
೧೩ ಜನವರಿ ೨೦೨೫

ಮಿತ್ರಾ,

ಹಬ್ಬ ಆಯಿತು. ಚೀಲದಲ್ಲಿ ಕೂಪನ್ ಇಲ್ಲ. ನಿಮ್ಮ ವಾಲಂಟಿಯರ್ ಚೀಲ ಕೊಡವಿ ನೋಡಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ, ನೀನೂ ಏನೂ ಕೇಳಬೇಡ.

ಫೆಬ್ರವರಿಯಿಂದ ಕೆಲಸಕ್ಕೆ ಬರೋದಿಲ್ಲ ಅಂತ ಗಾರ್ಮೆಂಟ್ಸ್ ಸೂಪರ್‌ವೈಸರಿಗೆ ಹೇಳಿದ್ದೆ. ಇವತ್ತು ಹೋಗಿ, ಬರ್ತೀನಿ ಸರ್, ಏನೋ ಬಾಯಿ ತಪ್ಪಿ ಅಂದೆ ಅಂತ ಹೇಳಿಬಂದೆ. ಅವನು ನಕ್ಕ.

ನಿಮ್ಮ ಅವ್ವ ಚೆನ್ನಾಗಿದ್ದಾರೆ. ತುಂಬಾ ಚೆನ್ನಾಗಿದ್ದಾರೆ.

ಮಂಜುಶ್ರೀ


ಹಿನಕಲ್
೧೭ ಜನವರಿ ೨೦೨೫

ಅತ್ತಿಗೆ,

ನಿಮ್ಮ ನಾಲ್ಕು ಸಾಲನ್ನು ಮೂರು ಸಲ ಓದಿದೆ. ಬರೀ ಚೀಲ! ಒಂದಾದರೂ ಬೇಡವಾ? ಬಸವರಾಜು ಅವರ ಚೀಲ ಅರ್ಧ ತುಂಬಿತ್ತು. ಉಳಿದವರು ತಿಂಡಿ ಕಟ್ಟಿಕೊಂಡು ಬಂದಿರಬೇಕು ಅಂತ ಆಫೀಸಿನವರು ಹೇಳಿಕೊಂಡು ಓಡಾಡುತ್ತಿದ್ದರು. ಕಟ್ಟಿಕೊಂಡು ಬಂದರಂತೆ! ಹೊಂಗೆಮರದ ತನಕ ಬಂದು, ಬೋರ್ಡು ನೋಡಿ, ಹಸಿದ ಹೊಟ್ಟೆಯಲ್ಲೇ ವಾಪಸ್ ಹೋಗಿದ್ದಾರೆ. ಅಣ್ಣ ಹೇಳಿದ್ದೇ ನಿಜವಾಯಿತು. ಕಾಲ ಬದಲಾಗಿದೆ ಅಂತ ನಿಮಗೆ ಬರೆದವಳು ನಾನು. ಸಿಟಿಯಲ್ಲಿ ಬಾಡಿಗೆ ಮನೆ ಹುಡುಕುವಾಗ ಎಷ್ಟು ಮನೆಯ ಬಾಗಿಲಲ್ಲಿ "ನೀವು ಯಾವ ಕಡೆಯವರಮ್ಮ" ಅನ್ನಿಸಿಕೊಂಡೆ ಅಂತ ನಿಮಗೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನೀವಾದರೂ ಹುಷಾರಾಗಿರುತ್ತಿದ್ದಿರಿ.

ನಿನ್ನೆ ಮೀಟಿಂಗಿನಲ್ಲಿ ಎದ್ದು ನಿಂತೆ. "ನಿಮ್ಮ ನಡಿಗೆಯವರು ಹಳ್ಳಿ ನೋಡೋಕೆ ಬರ್ತಾರೆ, ನಮ್ಮ ಬೀದಿಯ ಅನ್ನ ಮುಟ್ಟಲ್ಲ. ಇದಕ್ಕೆ ಹಬ್ಬ ಅಂತ ಹೆಸರು ಬೇರೆ" ಅಂದೆ. ನಮ್ಮ ಮನೆ ಯಾವ ಬೀದಿಯಲ್ಲಿದೆ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ವಸಿಷ್ಠ ಸರ್ ಮೀಟಿಂಗ್ ಅಲ್ಲಿಗೇ ನಿಲ್ಲಿಸಿದರು. ರಾಜೀನಾಮೆ ಬರೆದಿಟ್ಟಿದ್ದೇನೆ. ಈ ತಿಂಗಳ ಕೊನೆಗೆ ಕೊಡುತ್ತೇನೆ.

ಅವ್ವನಿಗೆ ಎಷ್ಟು ನೋವಾಯಿತೋ. ಚೆನ್ನಾಗಿದ್ದಾಳೆ ಅಂತ ನೀವು ಬರೆದದ್ದು ನನ್ನ ಸಮಾಧಾನಕ್ಕೆ ಅಂತ ನನಗೆ ಗೊತ್ತಾಗುತ್ತೆ.

ಮಿತ್ರ


ಚಿಕ್ಕಕೊಪ್ಪಲು
೨೧ ಜನವರಿ ೨೦೨೫

ಮಿತ್ರಾ, ಆ ರಾಜೀನಾಮೆ ಮೊದಲು ಹರಿದು ಹಾಕು. ಆಮೇಲೆ ಮುಂದೆ ಓದು.

ಎಲ್ಲರೂ ತಿಂದರು ಕಣೆ. ಎಲ್ಲರೂ! ರೊಟ್ಟಿ ತಟ್ಟಿ ತಟ್ಟಿ ನನ್ನ ಅಂಗೈ ಊದಿಕೊಂಡಿತ್ತು. ನಿನ್ನ ಸಿಟ್ಟು ನೋಡಿ ನನಗೆ ನಾಚಿಕೆಯಾಗಿದೆ. ನಾನು ಆವತ್ತೇ ಸರಿಯಾಗಿ ಬರೆದಿದ್ದರೆ ಇಷ್ಟು ರಾದ್ಧಾಂತ ಆಗುತ್ತಿರಲಿಲ್ಲ.

ನಡೆದದ್ದು ಇಷ್ಟು. ಮೊದಲು ಬಂದ ಗುಂಪು ಹೊಂಗೆಮರದ ಹತ್ತಿರ ನಿಂತು ಬೋರ್ಡು ಓದಿತು. ನಿಮ್ಮಣ್ಣ ಹೇಳಿದ್ದೇ ಆಯಿತು ಅಂದುಕೊಂಡೆ. ಅವರು ಬೋರ್ಡಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಸೀದಾ ಒಳಗೆ ಬಂದರು. ಅತ್ತೆ ಬಿಂದಿಗೆ ಹಿಡಿದು ಕಾಯುತ್ತಿದ್ದರು. ಬಂದವರ ಕಾಲಿಗೆ ನೀರು ಹಾಕೋದು ಅವರ ಲೆಕ್ಕ. ಮುಂದೆ ಇದ್ದ ಎತ್ತರದ ವಿದೇಶದ ಹೆಂಗಸಿನ ಶೂ ಮೇಲೇ ಸುರಿದುಬಿಟ್ಟರು. ಆಕೆ ಕಿರುಚಿ, ಆಮೇಲೆ ನಕ್ಕು, ಶೂ ಬಿಚ್ಚಿ ಕಾಲು ಚಾಚಿದಳು. ಅವಳನ್ನು ನೋಡಿ ಉಳಿದವರೂ ಬಿಚ್ಚಿದರು. ನಮ್ಮ ಅಂಗಳದ ತುಂಬ ಶೂಗಳು. ಸರ್ಕಲ್ಲಿನಲ್ಲಿ ಇಡ್ಲಿ ತಿಂದು ಕೂಪನ್ ಕೊಟ್ಟು ಬಂದವರೂ ಅವರೆಕಾಳು ಸಾರಿನ ವಾಸನೆಗೆ ಇಲ್ಲಿ ಕೂತು ಮತ್ತೆ ತಿಂದರು.

ಮೊದಲನೆಯವರು ಎದ್ದು ಕೂಪನ್ ಹಾಕೋಕೆ ಬಂದಾಗ ಅತ್ತೆ ಚೀಲ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಡ್ಕಂಡು ಬಂದಿದ್ದೀರಿ. ನಮ್ಮನೇಲಿ ಕಾಸು ಈಸ್ಕಳಲ್ಲ." ಅತ್ತೆ, ಇದು ಕಾಸಲ್ಲ, ಚೀಟಿ ಅಂದೆ. "ಚೀಟಿ ಕೊಟ್ರೆ ಕಾಸು ಬತ್ತದೆ ಅಂತ ನೀನೇ ಅಂದಿದ್ದೆ. ನಂಗೇನ್ ಗೊತ್ತಾಗಕಿಲ್ವಾ?" ಮೊದಲು ಪಿಸುಮಾತಿನಲ್ಲಿ ಹೇಳಿದೆ, ಆಮೇಲೆ ಜನರ ಮುಂದೆಯೇ ಕೂಗಿದೆ. ಅತ್ತೆ ಜಗ್ಗಲಿಲ್ಲ. ಬಂದವರಿಗೆ ಇದೇನೋ ಹಳ್ಳಿಯ ಪದ್ಧತಿ ಅನ್ನಿಸಿತು, ಕೈಮುಗಿದು ಕೂಪನ್ ಜೇಬಿಗೆ ಹಾಕಿಕೊಂಡು ಹೋದರು. ನನ್ನ ಹೋಟೆಲ್ಲೂ ಅವರ ಜೊತೆಯೇ ಹೋಯಿತು.

ಅತ್ತೆಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನಗೆ ಬರೆದರೆ ತಾಯಿ ಮೇಲೆ ಮಗಳಿಗೆ ಚಾಡಿ ಹೇಳಿದ ಹಾಗೆ ಅಂತ ಬರೆಯಲಿಲ್ಲ. ಮನೆಯಲ್ಲಿ ಮಾತು ಬಿಟ್ಟೆ, ಊಟಕ್ಕೆ ತಟ್ಟೆ ಕುಕ್ಕಿ ಇಡುತ್ತಿದ್ದೆ. ಕೊನೆಗೆ ಅತ್ತೆಯೇ ಬಂದು ಪಕ್ಕದಲ್ಲಿ ಕೂತರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೀತೀನಿ:

"ನಿಮ್ಮಾವ ಇದ್ದಾಗ ಬೆಟ್ಟಕ್ಕೆ ನಡ್ಕಂಡು ಹೋಗೋ ಪರ್ಸೆ ಈ ರೋಡ್ಮೇಲೇ ಹೋಯ್ತಿತ್ತು. ಎಲ್ಲ ಬೀದಿಯೋರೂ ನೀರು ಮಜ್ಗೆ ಮಡಗೋರು. ನಿಮ್ಮಾವನೂ ಹೊಸ ಗುಡಾಣ ತಂದು ಹೊಂಗೆಮರದ ಕೆಳಗೆ ಮಡಗುದ್ರು. ಒಬ್ರೂ ಮುಟ್ನಿಲ್ಲ. ಸಂಜೆ ಆ ನೀರ ಮರದ ಬುಡಕ್ಕೆ ಉಯ್ದು ಬರೋರು. ಮಾರನೆ ವರ್ಸ ತಿರ್ಗಾ ಮಡಗೋರು. ಬ್ಯಾಡ ಬುಡಿ ಅಂದ್ರೆ ಕೇಳ್ನಿಲ್ಲ, ಸಾಯೋಗಂಟ ಮಡಗುದ್ರು. ಮೊನ್ನೆ ನಡ್ಕಂಡು ಬಂದೋರು ನಮ್ಮ ಜಗಲಿ ಮೇಲೆ ಕೂತ್ಕಂಡು ಇನ್ನೊಸಿ ಹಾಕವ್ವ ಅಂದ್ರಲ್ಲ. ಅವ್ರತ್ರ ಕಾಸು ಈಸ್ಕಂಡು ನಿಮ್ಮಾವಂಗೆ ನಾನು ಏನಂತ ಹೇಳ್ಲಿ?"

ನಿನಗೆ ಆಗ ತಿಳಿಯೋ ವಯಸ್ಸಲ್ಲ. ನಿಮ್ಮಣ್ಣನಿಗೆ ಗೊತ್ತಿತ್ತಂತೆ. ಹೇಳಬೇಕು ಅನ್ನಿಸಲಿಲ್ಲ ಅಂದ.

ಇದನ್ನು ಕೇಳಿದ ಮೇಲೆ ಸಿಟ್ಟು ಮಾಡೋಕೂ ಆಗಲಿಲ್ಲ, ಬಿಡೋಕೂ ಆಗಲಿಲ್ಲ. ಸತ್ತವರಿಗೆ ಉತ್ತರ ಹೇಳಬೇಕು ಸರಿ, ಬೆಳಗ್ಗೆ ಎದ್ದು ಗಾರ್ಮೆಂಟ್ಸ್ ಬಸ್ಸು ಹತ್ತೋಳು ನಾನಲ್ವಾ?

ಮಂಜುಶ್ರೀ


ಹಿನಕಲ್
೨೭ ಜನವರಿ ೨೦೨೫

ಅತ್ತಿಗೆಗೆ ಜೈಭೀಮ್.

ನಿಮ್ಮ ಕಾಗದ ಆಫೀಸಿನ ಮೆಟ್ಟಿಲ ಮೇಲೆ ಕೂತು ಓದಿದೆ. ಅಪ್ಪನ ಗುಡಾಣದ ಹತ್ತಿರ ಬಂದಾಗ ಅಳು ತಡೆಯೋಕಾಗಲಿಲ್ಲ. ಅಪ್ಪನ ಮುಖ ನನಗೆ ಫೋಟೋದಲ್ಲಿ ಇರುವಷ್ಟೇ ಗೊತ್ತು.

ರಾಜೀನಾಮೆ ಹರಿದು ಹಾಕಿ, ಎದ್ದು ಹೋಗಿ ವಸಿಷ್ಠ ಸರ್ ಹತ್ತಿರ ಕ್ಷಮೆ ಕೇಳಿದೆ. ನಾನು ಅಂದದ್ದು ಸುಳ್ಳು, ಎಲ್ಲರೂ ತಿಂದಿದ್ದಾರೆ ಅಂದೆ. ಅವರು ಬೈಯಬಹುದಿತ್ತು. "ನೀವು ಆವತ್ತು ಹೇಳಿದಾಗ ಇದು ಸುಳ್ಳಿರಬಹುದು ಅಂತ ನನಗೆ ಒಂದು ಸಲವೂ ಅನ್ನಿಸಲಿಲ್ಲ ಸಂಘಮಿತ್ರ. ಹಾಗೇ ಆಗಿರುತ್ತೆ ಅಂತ ನಾನೂ ನಂಬಿಬಿಟ್ಟೆ. ಅದೇ ನನಗೆ ಬೇಜಾರು" ಅಂದರು.

ಮಾರ್ಚ್ ಮೊದಲ ಭಾನುವಾರ ನಮ್ಮ ಮನೆಗೆ ಇನ್ನೊಂದು ಅವಕಾಶ ಕೊಡೋಕೆ ಒಪ್ಪಿದ್ದಾರೆ. ಆದರೆ ಬಿಟ್ಟಿ ಊಟ ಹಾಕೋ ಕಡೆ ವರ್ಷಪೂರ್ತಿ ಜನ ಕಳಿಸೋಕಾಗಲ್ಲ, ಅದು ನಿಮಗೇ ನಷ್ಟ ಅಂತಾರೆ. ಅದೂ ನ್ಯಾಯವೇ. ಅವ್ವನನ್ನು ಹೇಗಾದರೂ ಒಪ್ಪಿಸಿ. ಅಪ್ಪ ಇದ್ದಿದ್ದರೆ ಸೊಸೆ ಹೋಟೆಲ್ ಇಡಲಿ ಅಂತಲೇ ಅನ್ನುತ್ತಿದ್ದರು ಅಂತ ಹೇಳಿ ನೋಡಿ.

ಮಿತ್ರ


ಚಿಕ್ಕಕೊಪ್ಪಲು
೧೦ ಫೆಬ್ರವರಿ ೨೦೨೫

ಮಿತ್ರಾ,

ನೀನು ಹೇಳಿಕೊಟ್ಟ ಹಾಗೇ ಹೇಳಿದೆ. "ನಿಮ್ಮಾವ ಏನಂತಿದ್ರು ಅಂತ ನೀನು ನಂಗೇಳ್ಬ್ಯಾಡ" ಅಂದು ಎದ್ದುಹೋದರು. ನಿಮ್ಮಣ್ಣ ಹೇಳಿದ, ಅವನಿಗೂ ಅದೇ ಮರ್ಯಾದೆ. ಮುಗೀತು ಅಂದುಕೊಂಡೆ.

ನಿನ್ನೆ ಒಂದು ಕಾರು ಬಂತು. ಹಬ್ಬದ ದಿನ ಬಂದಿದ್ದ ಗಂಡ ಹೆಂಡತಿ, ಅದೇ ರೊಟ್ಟಿ ಬೇಕು ಅಂತ ಸಂಸಾರ ಸಮೇತ ಹುಡುಕಿಕೊಂಡು ಬಂದಿದ್ದರು. ಒಲೆ ಹಚ್ಚಿದೆ. ಸುಮ್ಮನೆ ಮನೆಗೆ ಬಂದವರು, ದುಡ್ಡಿನ ಮಾತು ಹೇಗೆ ಎತ್ತಲಿ? ತಿಂದು ಏಳುವಾಗ ಅತ್ತೆ ನನ್ನ ಸೊಂಟಕ್ಕೆ ತಿವಿದರು. "ಕಾಸು ಈಸ್ಕೊ." ನಾನು ಬಾಯಿ ಬಿಟ್ಟುಕೊಂಡು ನಿಂತೆ. "ಏನಮ್ಮಿ ನೋಡ್ತೀಯ? ಕಾರಲ್ಲಿ ಬಂದವ್ರೆ! ನಡ್ಕಂಡು ಬಂದೋರು ನೆಂಟರು, ಗಾಡೀಲಿ ಬಂದೋರು ಗಿರಾಕಿ. ಅಷ್ಟೂ ತಿಳಿಯಾಕಿಲ್ವಾ?"

ಇಷ್ಟು ದಿನ ಈ ಮಾತು ಎಲ್ಲಿ ಇಟ್ಟುಕೊಂಡಿದ್ದರೋ. ಯಾರೂ ಕೇಳಲಿಲ್ವಂತೆ, ಅದಕ್ಕೆ ಹೇಳಲಿಲ್ವಂತೆ.

ಈಗ ನಿಮ್ಮ ಸಾಹೇಬರಿಗೆ ಹೇಳು. ಜನರನ್ನು ಬೆಳಗ್ಗೆ ಬಸ್ಸಿನಲ್ಲಿ ಸೀದಾ ಇಲ್ಲಿಗೆ ತಂದು ಇಳಿಸಲಿ. ಮೊದಲು ತಿಂಡಿ, ಆಮೇಲೆ ಇಲ್ಲಿಂದ ಮೈಸೂರಿನ ಕಡೆಗೆ ನಡೆಯಲಿ. ದಾರಿ ಅದೇ, ತಿಂಡಿ ಅದೇ, ದಿಕ್ಕು ಮಾತ್ರ ಉಲ್ಟಾ.

ಮಂಜುಶ್ರೀ


ಹಿನಕಲ್
೧೭ ಫೆಬ್ರವರಿ ೨೦೨೫

ಅತ್ತಿಗೆ, ವಸಿಷ್ಠ ಸರ್ ನಿಮ್ಮ ಕಾಗದ ಓದಿ ಕುರ್ಚಿಯಿಂದ ಬೀಳೋ ಹಾಗೆ ನಕ್ಕರು. ಮಾರ್ಚ್ ಎರಡು, ಭಾನುವಾರ. ಎರಡು ಬಸ್ಸು. ಖಾರ ಕಡಿಮೆ. ಗೋಕುಲಂನಲ್ಲಿ ಜನರನ್ನು ಹತ್ತಿಸಿ ಕಳಿಸೋ ಕೆಲಸ ನನ್ನದು, ಅಲ್ಲಿ ಆಗೋದನ್ನು ಒಂದೂ ಬಿಡದೆ ಬರೆಯಿರಿ. ಮುಚ್ಚಿಟ್ಟರೆ ನಾನೇ ಬಸ್ಸು ಹತ್ತಿ ಜಗಳಕ್ಕೆ ಬರ್ತೀನಿ.

ಮಿತ್ರ


ಚಿಕ್ಕಕೊಪ್ಪಲು
೩ ಮಾರ್ಚ್ ೨೦೨೫

ಮಿತ್ರಾ, ಜೈಭೀಮ್.

ಇವತ್ತು ಸೋಮವಾರ, ನಾನು ಮನೆಯಲ್ಲಿ ಕೂತು ಈ ಕಾಗದ ಬರೆಯುತ್ತಿದ್ದೇನೆ. ಗಾರ್ಮೆಂಟ್ಸ್ ಬಸ್ಸು ಹಾರ್ನ್ ಹೊಡೆದು ಹೊಡೆದು ಹೋಯಿತು. ಇದಕ್ಕಿಂತ ದೊಡ್ಡ ಸುದ್ದಿ ನನ್ನ ಹತ್ತಿರ ಇಲ್ಲ. ಭಾನುವಾರದ ತಿಂಡಿ ನಮ್ಮದೇ ಅಂತ ನಿಮ್ಮ ಸಾಹೇಬರು ಇಲ್ಲೇ ಜಗಲಿ ಮೇಲೆ ಕೂತು ಹೇಳಿದರು. ನಾಲ್ಕು ರೊಟ್ಟಿ ತಿಂದ ಮೇಲೆ ಹೇಳಿದರು.

ಎರಡು ಬಸ್ಸಿನ ಜನರಿಂದ ಅತ್ತೆಯೇ ಬಾಗಿಲಲ್ಲಿ ನಿಂತು ಕೂಪನ್ ಈಸಿಕೊಂಡರು. ಒಬ್ಬ ಹುಡುಗಿ ಕೂಪನ್ ಕಳಕೊಂಡಿದ್ದಳು, ಪಾಪ, ಅವಳನ್ನು ಅಳಿಸಿಬಿಟ್ಟಿದ್ದರು. ಕೊನೆಗೆ ನಿಮ್ಮ ಸಾಹೇಬರೇ ಅವಳ ದುಡ್ಡು ಕೊಟ್ಟರು. ಹೊರಗಿನವರಿಗೆ ಇಷ್ಟು ಖಡಕ್ಕಾದ ಹೆಂಗಸು ನಮ್ಮ ಮನೆಯಲ್ಲೇ ಇದ್ದರು ನೋಡು.

ಜನ ನಡಿಗೆಗೆ ಹೊರಟುಹೋದ ಮೇಲೆ ಬಸವರಾಜು ಬಂದರು. ಸರ್ಕಲ್ಲಿನ ಹೋಟೆಲ್ ಬಸವರಾಜು, ನಮ್ಮ ಬೀದಿಗೆ! ವೋಟು ಕೇಳೋರ ಜೊತೆ ಬಂದದ್ದು ಬಿಟ್ಟರೆ ಆ ಮನುಷ್ಯ ಈ ಕಡೆ ತಲೆ ಹಾಕಿದ್ದನ್ನು ಯಾರೂ ನೋಡಿಲ್ಲ. ಜಗಳಕ್ಕೇ ಬಂದರು ಅಂದುಕೊಂಡು ನಿಮ್ಮಣ್ಣ ಎದ್ದು ನಿಂತ. "ಏನವ್ವ, ಯಾಪಾರ ಜೋರಾ? ಏನ್ ಮಾಡಿದ್ದೀರಿ ನೋಡಾನ ಅಂತ ಬಂದೆ" ಅಂದರು. ಅತ್ತೆ ಒಂದು ತಟ್ಟೆ, ಒಂದು ಚೊಂಬು ನೀರು ತಂದು ಮುಂದೆ ಇಟ್ಟರು. ಅವರು ಸ್ವಲ್ಪ ಹೊತ್ತು ತಟ್ಟೆ ನೋಡಿದರು, ಸುತ್ತ ನೋಡಿದರು. ಆಮೇಲೆ ಕೂತರು. ಎರಡು ರೊಟ್ಟಿ ತಿಂದು ಚೊಂಬಿನ ನೀರು ಪೂರ್ತಿ ಕುಡಿದು, ಟವೆಲ್ಲಿನಿಂದ ಬಾಯಿ ಒರೆಸಿಕೊಂಡು ಹೊರಟರು.

ಅತ್ತೆ ಕೈ ಒಡ್ಡಿದರು. "ಕಾಸು?"

ಬಸವರಾಜು ನಿಂತರು. "ನಡ್ಕಂಡು ಬಂದೋರಿಗೆ ಕಾಸಿಲ್ಲ ಅಂತ ಊರೆಲ್ಲ ಹೇಳ್ತದಲ್ಲವ್ವ. ನಾನು ಸರ್ಕಲ್ಲಿಂದ ನಡ್ಕಂಡೇ ಬಂದೆ."

"ಅದು ದೂರದಿಂದ ಬಂದೋರಿಗೆ ಕಣಪ್ಪ. ನೀನು ಇಲ್ಲೇ ಇದ್ದು, ಬರಾಕೆ ಅರವತ್ತು ವರ್ಸ ಮಾಡ್ಬುಟ್ಟೆ. ಕೊಡು."

ಅವರು ಕೊಟ್ಟರು. ಅತ್ತೆ ಚಿಲ್ಲರೆ ವಾಪಸ್ ಕೊಟ್ಟರು. ನಾನು ಅವರಿಬ್ಬರನ್ನೇ ನೋಡುತ್ತಾ ನಿಂತು ಹೆಂಚಿನ ಮೇಲಿದ್ದ ರೊಟ್ಟಿ ಸೀಯಿಸಿಬಿಟ್ಟೆ.

ಮಂಜುಶ್ರೀ